ಹವೆಯ ಸುಳಿವು, ಹುಳುವಿನ ಹೊತ್ತು

ಮೈಸೂರು ಸೀಮೆಯ ಹೊಲಗಳು ಜೂನ್‌ವರೆಗೆ ಕಾಯುವುದಿಲ್ಲ. ಏಪ್ರಿಲ್ ಕೊನೆಗೆ ಶುರುವಾಗುವ ಭರಣಿ, ಮೇ ತಿಂಗಳ ಕೃತ್ತಿಕೆ ಮಳೆಗಳಿಗೇ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನೆಲ ಹದಕ್ಕೆ ಬರುತ್ತದೆ. ಇಲ್ಲಿ ವರ್ಷದಲ್ಲಿ ಎರಡು ಬಾರಿ ಮಳೆ ಜೋರಾಗುತ್ತದೆ: ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ. ರೈತರು ಬಿತ್ತನೆಗೆ ಹಿಡಿಯುವ ಈ ಲೆಕ್ಕವನ್ನೇ ಹುಳುಗಳೂ ಹಿಡಿಯುತ್ತವೆ. ಕೀಟಕ್ಕೆ ನಮ್ಮ ಹಾಗೆ ಮೈಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಹವೆ ಬಿಸಿಯಾದರೆ ಬೇಗ ಬೆಳೆಯುತ್ತದೆ, ತಂಪಾದರೆ ನಿಧಾನಿಸುತ್ತದೆ. ಆದ್ದರಿಂದ ಮಳೆ, ಬಿಸಿ, ತೇವ ಮೂರನ್ನೂ ಗಮನಿಸಿದವರು ಹುಳು ಬರುವ ಹೊತ್ತನ್ನು ಮೊದಲೇ ಅಂದಾಜು ಮಾಡಬಲ್ಲರು.

ಮಳೆ ಎಬ್ಬಿಸುವ ದುಂಬಿ

ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವಿನಲ್ಲಿ ಮಳೆಯ ಈ ನಂಟು ಎದ್ದು ಕಾಣುತ್ತದೆ. ಹೊಲೊಟ್ರೈಕಿಯಾ ಸೆರಾಟ ಎಂಬ ಕಂದು ದುಂಬಿಯ ಮರಿ ಅದು. ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲ ಮುಗಿದ ಮೇಲೆ ಮಣ್ಣಿನಾಳದಲ್ಲಿ ಕೋಶವಾಗಿ, ದುಂಬಿಯಾಗಿ ಬದಲಾದರೂ ಅದು ಹೊರಬರದೆ ಅಲ್ಲೇ ಉಳಿಯುತ್ತದೆ. ಬೇಸಿಗೆಯ ಮೊದಲ ಒಳ್ಳೆಯ ಮಳೆ ನೆಲಕ್ಕಿಳಿದು ತೋಯಿಸಿದ ಮೇಲೆ, ಸಂಜೆ ಕತ್ತಲಾಗುವ ಹೊತ್ತಿಗೆ ದುಂಬಿಗಳು ಗುಂಪಾಗಿ ಎದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಎಲೆ ತಿಂದು, ಕೂಡಿ, ಬೆಳಗಾಗುವಷ್ಟರಲ್ಲಿ ಮಣ್ಣಿಗೆ ಮರಳಿ ಮೊಟ್ಟೆಯಿಡುತ್ತವೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಬ್ಬಿನ ಗರಿ ಹಳದಿಯಾದಾಗ ಹುಳು ಬಲಿತಿರುತ್ತದೆ. ಬೇರಿನ ಬುಡದಲ್ಲಿರುವ ಅದಕ್ಕೆ ಔಷಧಿ ತಲುಪಿಸುವುದು ಕಷ್ಟ. ಕೈಗೆ ಸಿಗುವ ಕಾಲ ಎಂದರೆ ಮೊದಲ ಮಳೆಯ ನಂತರದ ಕೆಲವು ಸಂಜೆಗಳು ಮಾತ್ರ. ಮರದ ಕೊಂಬೆ ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ದುಂಬಿ ಹಾರುವ ಜೀವ. ಒಬ್ಬರು ಹಿಡಿದು ಪಕ್ಕದವರು ಬಿಟ್ಟರೆ ಫಲವಿಲ್ಲ. ಇದು ಊರೇ ಕೂಡಿ ಮಾಡುವ ಕೆಲಸ.

ದಿನದಿನದ ಬಿಸಿಯ ಜಮೆ

ಬಿಸಿಯ ಲೆಕ್ಕಕ್ಕೆ ಹಳೆಯ ಚರಿತ್ರೆಯಿದೆ. ಬೆಳೆ ಮಾಗಲು ಇಂತಿಷ್ಟು ಬಿಸಿ ಒಟ್ಟುಗೂಡಬೇಕೆಂದು ಫ್ರಾನ್ಸಿನ ವಿಜ್ಞಾನಿ ರೆಯೊಮ್ಯೂರ್ 1735ರಲ್ಲೇ ಹೇಳಿದ್ದ. ಅದೇ ತತ್ವ ಹುಳುವಿಗೂ ಒಪ್ಪುತ್ತದೆ. ಪಿಗ್ಮಿ ಖಾತೆಗೆ ದಿನವೂ ಕಟ್ಟಿದ ಹಣ ಸೇರುತ್ತಾ ಹೋಗುವಂತೆ, ಹುಳುವಿನ ಬೆಳವಣಿಗೆಗೆ ದಿನದಿನದ ಬಿಸಿ ಜಮೆಯಾಗುತ್ತದೆ.

ಮುಸುಕಿನ ಜೋಳದ ಸುಳಿ ತಿನ್ನುವ ಲದ್ದಿಹುಳುವನ್ನೇ ತೆಗೆದುಕೊಳ್ಳೋಣ. ಅಮೆರಿಕ ಖಂಡದ ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಸುಮಾರು 12.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಬೆಳವಣಿಗೆ ನಿಲ್ಲುತ್ತದೆ. ಮೊಟ್ಟೆಯಿಂದ ಪತಂಗವಾಗಲು ಆ ಮಟ್ಟದ ಮೇಲಿನ ಬಿಸಿ ಒಟ್ಟು ಸುಮಾರು 390 ಡಿಗ್ರಿ-ದಿನಗಳಷ್ಟು ಬೇಕು. ಹಗಲಿನ ಗರಿಷ್ಠ 31, ರಾತ್ರಿಯ ಕನಿಷ್ಠ 20 ಇದ್ದರೆ ಸರಾಸರಿ 25.5. ಅದರಲ್ಲಿ 12.5 ಕಳೆದರೆ ಆ ದಿನದ ಜಮೆ 13. ಇದೇ ಹವೆ ಮುಂದುವರಿದರೆ 30 ದಿನಕ್ಕೆ ಹೊಸ ಪೀಳಿಗೆ ಸಿದ್ಧ. ಸರಾಸರಿ 22ಕ್ಕೆ ಇಳಿದರೆ ಅದೇ ಕೆಲಸಕ್ಕೆ 41 ದಿನ ಹಿಡಿಯುತ್ತದೆ.

ಲೆಕ್ಕ ಎಲ್ಲಿಂದ ಶುರುಮಾಡಬೇಕು? ಹೊಲದಲ್ಲಿ ಕಟ್ಟಿದ ಮೋಹಕ ಬಲೆಗೆ ಮೊದಲ ಪತಂಗಗಳು ಬಿದ್ದ ದಿನದಿಂದ. ಹೊತ್ತು ತಿಳಿದರೆ ಲಾಭವಿದೆ: ಮೊಟ್ಟೆಯೊಡೆದ ಎಳೆಯ ಮರಿಗಳನ್ನು ಹತೋಟಿಗೆ ತರುವುದು ಸುಲಭ. ಬಲಿತು ಸುಳಿಯೊಳಗೆ ಹೊಕ್ಕವನ್ನು ಕೊಲ್ಲುವುದು ಕಷ್ಟ. ನಡುವೆ ಜೋರು ಮಳೆ ಬಂದರೆ ಸಣ್ಣ ಮರಿಗಳು ಎಷ್ಟೋ ಕೊಚ್ಚಿಹೋಗುತ್ತವೆ. ಹೀಗಾಗಿ ಬಿಸಿಯ ಲೆಕ್ಕದ ಜೊತೆಗೆ ಮಳೆಯ ಲೆಕ್ಕವನ್ನೂ ಇಟ್ಟಿರಬೇಕು.

ಗದ್ದೆಯೊಳಗಿನ ಹವೆ

ಕಪಿಲೆ, ಕಾವೇರಿ ನಾಲೆಗಳ ಬಯಲಿನಲ್ಲಿ ಭತ್ತದ ಪೈರು ದಟ್ಟವಾಗುವ ಹೊತ್ತಿಗೆ ವರ್ಷದ ಎರಡನೆಯ ಮಳೆಯೂ ಬರುತ್ತದೆ. 25ರಿಂದ 30 ಡಿಗ್ರಿ ಬಿಸಿ, ಗಾಳಿಯಲ್ಲಿ ತೇವ, ನಿಂತ ನೀರು ಕೂಡಿದರೆ ಕಂದು ಜಿಗಿಹುಳುವಿಗೆ ಸುಗ್ಗಿ. ಪೈರಿನ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಗದ್ದೆಯಲ್ಲಿ ಅಲ್ಲಲ್ಲಿ ಸುತ್ತಾಗಿ ಪೈರು ಸುಟ್ಟಂತೆ ಒಣಗುತ್ತದೆ.

ಇಲ್ಲಿ ರೈತರ ಕೈಯಲ್ಲೂ ಸ್ವಲ್ಪ ಹವಾಮಾನ ಇದೆ. ಒತ್ತಾಗಿ ನಾಟಿ ಮಾಡಿ, ಯೂರಿಯಾ ಹೆಚ್ಚು ಸುರಿದರೆ ಬುಡದಲ್ಲಿ ಬೆಳಕಿಲ್ಲದೆ ತೇವ ಕಟ್ಟಿಕೊಳ್ಳುತ್ತದೆ. ಎಂಟು-ಹತ್ತು ಅಡಿಗೊಂದು ಒಂದಡಿಯ ಓಣಿ ಬಿಟ್ಟು, ಹುಳು ಕಂಡಾಗ ನೀರು ಬಸಿದರೆ ಗಾಳಿ-ಬೆಳಕು ಆಡುತ್ತದೆ. ಹೆದರಿ ಮೊದಲೇ ಔಷಧಿ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡಗಳು ಸತ್ತು ಹಾವಳಿ ಇನ್ನೂ ಹೆಚ್ಚುತ್ತದೆ. ಈ ಪಾಠ ಕಲಿತ ಇಂಡೋನೇಷ್ಯಾ ಸರ್ಕಾರ 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು.

ಸುಳಿವು ಸಿಗುವ ಕಡೆ

ಮೈಸೂರು ಬಳಿಯ ನಾಗನಹಳ್ಳಿಯ ಕೃಷಿ ಹವಾಮಾನ ಘಟಕದಿಂದ ಮಂಗಳವಾರ, ಶುಕ್ರವಾರ ಐದು ದಿನಗಳ ಮುನ್ಸೂಚನೆಯೊಂದಿಗೆ ಬೆಳೆ ಸಲಹೆ ಹೊರಡುತ್ತದೆ. ‘ಮೇಘದೂತ್’ ಆ್ಯಪ್‌ನಲ್ಲೂ ಅದು ಸಿಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಹುಳು ಗುರುತಿಸಲು ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರ, ಹೋಬಳಿಯ ರೈತ ಸಂಪರ್ಕ ಕೇಂದ್ರ ಇವೆ.

ಆದರೆ ಮುನ್ಸೂಚನೆ ಕೊಡುವುದು ಹೊಲಕ್ಕಿಳಿದು ನೋಡಬೇಕಾದ ದಿನವನ್ನು. ಔಷಧಿ ಬೇಕೋ ಬೇಡವೋ ಎಂಬುದು ಬುಡ ಬಗ್ಗಿಸಿ, ಸುಳಿ ಬಿಡಿಸಿ ಹುಳು ಎಣಿಸಿದ ಮೇಲೆಯೇ ತೀರ್ಮಾನವಾಗಬೇಕು. ಮಳೆ ಬಿದ್ದ ದಿನ, ಬಲೆಗೆ ಬಿದ್ದ ಪತಂಗ, ಮೊದಲು ಕಂಡ ಮರಿ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕಾರು ವರ್ಷದ ಇಂಥ ಬರಹ ಊರಲ್ಲಿದ್ದರೆ, ಹೊರಗಿನ ಯಾವ ಲೆಕ್ಕ ಈ ಮಣ್ಣಿಗೆ ಹೊಂದುತ್ತದೆ, ಯಾವುದನ್ನು ತಿದ್ದಿಕೊಳ್ಳಬೇಕು ಎಂದು ಊರಿನವರೇ ಹೇಳಬಲ್ಲರು.