ಜಿಗಣಿಯ ಬೆನ್ನಿಗೆ ಜಾಲಾರಿ ಕಾಡು

ಆನೇಕಲ್ ತಾಲ್ಲೂಕಿಗೆ ಎರಡು ಮುಖ. ಪೂರ್ವಕ್ಕೆ ಹೊಸೂರು ಹೆದ್ದಾರಿ, ಅದರ ಗುಂಟ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಬೆಳಗಿನ ಪಾಳಿಗೆ ಜನರನ್ನು ತಂದು ಸುರಿಯುವ ಕಂಪನಿ ಬಸ್ಸುಗಳು. ಪಶ್ಚಿಮಕ್ಕೆ ಗುಡ್ಡಸಾಲು. ಜಿಗಣಿಯ ಗ್ರಾನೈಟ್ ಪಾಲಿಶ್ ಘಟಕಗಳಿಂದ ಕೆಲವೇ ಕಿಲೋಮೀಟರು ಆಚೆಗೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ.

ಬನ್ನೇರುಘಟ್ಟ ಎಂದೊಡನೆ ಬೆಂಗಳೂರಿಗರಿಗೆ ನೆನಪಾಗುವುದು ಸಫಾರಿ ಬಸ್ಸು, ಪ್ರಾಣಿಗಳ ಆವರಣ, ಚಿಟ್ಟೆ ಉದ್ಯಾನ. ಅದೆಲ್ಲ ಇರುವುದು 2002ರಲ್ಲಿ ಬೇರ್ಪಟ್ಟ ಜೈವಿಕ ಉದ್ಯಾನದಲ್ಲಿ. ಅಸಲಿ ಕಾಡು ಅದರ ಹಿಂದಿದೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಈ ಕಾಡು ಮುಂದೆ ವಿಸ್ತರಣೆಯಾಗಿ ಈಗ 260.51 ಚದರ ಕಿಲೋಮೀಟರ್ ಆಗಿದೆ. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ವಲಯಗಳಾಗಿ ದಕ್ಷಿಣಕ್ಕೆ ಇಳಿಯುತ್ತಾ ಕಾವೇರಿ ವನ್ಯಜೀವಿಧಾಮದ ಮತ್ತು ತಮಿಳುನಾಡಿನ ಹೊಸೂರು ವಿಭಾಗದ ಕಾಡುಗಳತ್ತ ಚಾಚಿದೆ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ನೀಲಗಿರಿಯ ಕಡೆಗೆ ಹಬ್ಬಿದ ಆನೆಗಳ ಸೀಮೆಗೆ ಇದು ಉತ್ತರದ ತುದಿ.

ಭೂಗೋಳದ ಪಾಠದಲ್ಲಿ ಉತ್ತರದ ಕಾಡೆಂದರೆ ಬೇರೆಯೇ ಚಿತ್ರ: ಸೈಬೀರಿಯ, ಕೆನಡಾ, ಸ್ಕ್ಯಾಂಡಿನೇವಿಯಗಳಲ್ಲಿ ಪೈನ್, ಸ್ಪ್ರೂಸ್, ಫರ್ ಮರಗಳು ಹಿಮದ ನಡುವೆ ಹಸಿರಾಗಿಯೇ ನಿಲ್ಲುವ ಟೈಗಾ. ಆನೇಕಲ್ಲಿಗೂ ಅದಕ್ಕೂ ಎಲ್ಲಿಂದೆಲ್ಲಿಯ ನಂಟು ಅನ್ನಿಸಬಹುದು. ಆದರೆ ಎರಡೂ ಕಡೆ ಮರಕ್ಕಿರುವ ಕಷ್ಟ ಒಂದೇ. ವರ್ಷದಲ್ಲಿ ಕೆಲವು ತಿಂಗಳು ಬೇರಿಗೆ ನೀರು ಸಿಗುವುದಿಲ್ಲ. ಟೈಗಾದಲ್ಲಿ ನೆಲದ ನೀರು ಹೆಪ್ಪುಗಟ್ಟಿರುತ್ತದೆ, ಇಲ್ಲಿ ಒಣಗಿರುತ್ತದೆ. ಸ್ಪ್ರೂಸ್ ತನ್ನ ಎಲೆಯನ್ನೇ ಸೂಜಿಯಷ್ಟು ಕಿರಿದು ಮಾಡಿ, ಮೇಲೆ ಮೇಣ ಬಳಿದುಕೊಂಡು ನೀರನ್ನು ಬಿಗಿಹಿಡಿಯುತ್ತದೆ. ಆನೇಕಲ್ಲಿನ ದಿಂಡಿಗ, ಮತ್ತಿ, ಕಗ್ಗಲಿಗಳು ಆ ಗೋಜಿಗೇ ಹೋಗದೆ ಎಲೆಯನ್ನೇ ಉದುರಿಸಿಬಿಡುತ್ತವೆ. ಫೆಬ್ರುವರಿಯಲ್ಲಿ ಬಂದವರು ಕಾಡು ಸತ್ತಿದೆ ಎಂದು ಮರುಗುವುದುಂಟು. ಅದು ಸಾವಲ್ಲ, ಮಿತವ್ಯಯ.

ಈ ಬೋಳು ಕಾಡಿನಲ್ಲಿ ಅದೇ ಹೊತ್ತಿಗೆ ಮೈತುಂಬ ಅರಳುವುದು ಜಾಲಾರಿ. ಸಾಲ್ ಮರದ ಕುಲಕ್ಕೆ ಸೇರಿದ, ಬೆಂಗಳೂರು ಸುತ್ತಲಿನ ಕಲ್ಲುಗುಡ್ಡಗಳಿಗೆ ಒಗ್ಗಿಕೊಂಡ ಮರ. ಸಾವನದುರ್ಗದಲ್ಲೂ ಇದೆ, ಗಡಿಯಾಚೆ ಹೊಸೂರಿನ ಕಡೆಯೂ ಇದೆ. ಫ್ಯಾನಿನ ರೆಕ್ಕೆಯ ಹಾಗೆ ಒಂದೇ ದಿಕ್ಕಿಗೆ ತಿರುಚಿದ ಐದು ಎಸಳಿನ ಕೆನೆಬಣ್ಣದ ಹೂವು ಗೊಂಚಲು ಗೊಂಚಲಾಗಿ ಬಿಟ್ಟು, ಅದರ ಪರಿಮಳಕ್ಕೆ ಜೇನು ಮುತ್ತುತ್ತದೆ. ಹೂವು ಕಾಯಾದಾಗ ಹಳೆಯ ಪುಷ್ಪಪಾತ್ರೆಯೇ ಬೆಳೆದು ರೆಕ್ಕೆಯಾಗುತ್ತದೆ: ಮೂರು ಉದ್ದ, ಎರಡು ಗಿಡ್ಡ. ಮುಂಗಾರಿಗೆ ಮುಂಚಿನ ಗಾಳಿಗೆ ಕಾಯಿ ಗಿರಗಿರನೆ ಸುತ್ತುತ್ತಾ ತಾಯಿಮರದಿಂದ ದೂರ ಹೋಗಿ ಬೀಳುತ್ತದೆ. ಬಿದ್ದಮೇಲೆ ಅದಕ್ಕೆ ಪುರುಸೊತ್ತಿಲ್ಲ. ಕೆಲವೇ ದಿನಗಳಲ್ಲಿ ಮಳೆ ಸಿಕ್ಕರೆ ಮೊಳಕೆ, ಇಲ್ಲದಿದ್ದರೆ ಬೀಜ ಜೊಳ್ಳು. ಕೆನಡಾದ ಜ್ಯಾಕ್ ಪೈನ್ ಇದಕ್ಕೆ ತದ್ವಿರುದ್ಧ: ಅಂಟಿನಿಂದ ಮುಚ್ಚಿದ ಕಾಯಿಯೊಳಗೆ ಬೀಜವನ್ನು ವರ್ಷಗಟ್ಟಲೆ ಇಟ್ಟುಕೊಂಡು, ಕಾಳ್ಗಿಚ್ಚಿನ ಕಾವಿಗೆ ಬಾಯಿ ಬಿಡುತ್ತದೆ. ಜಾಲಾರಿಯ ಭರವಸೆ ಬೇರಿನ ಮೇಲೆ. ಕಡಿದರೂ ಬುಡದಿಂದ ಚಿಗುರುತ್ತದೆ. ಹಳೆ ಮೈಸೂರು ಸೀಮೆಯಲ್ಲಿ ಅರಗಿನ ಹುಳು ಸಾಕಲು ಜನ ಆರಿಸಿಕೊಂಡದ್ದೂ ಈ ಮರವನ್ನೇ.

ಉದುರಿದ ಎಲೆ ಏನಾಗುತ್ತದೆ? ಟೈಗಾದ ಚಳಿಯಲ್ಲಿ ಸೂಜಿ ಎಲೆ ಕೊಳೆಯಲು ವರ್ಷಗಳೇ ಬೇಕು. ಅಲ್ಲಿನ ನೆಲದಲ್ಲಿ ಅಪಾರ ಇಂಗಾಲ ಕೂಡಿಟ್ಟಿರುವುದು ಹೀಗೆ. ಆನೇಕಲ್ಲಿನಲ್ಲಿ ಗೆದ್ದಲು ಅಷ್ಟು ಕಾಲ ಬಿಡುವುದಿಲ್ಲ. ದರಗು, ಒಣಕಡ್ಡಿಗಳನ್ನು ಹುತ್ತದೊಳಗೆ ಸಾಗಿಸಿ, ಅದರ ಮೇಲೆ ಬೂಸ್ಟು ಬೆಳೆಸಿ ತಿನ್ನುತ್ತದೆ. ಮೊದಲ ಮಳೆ ಬಿದ್ದೊಡನೆ ಹುತ್ತದ ಮೇಲೆ ಏಳುವ ಅಣಬೆ ಅದೇ ತೋಟದ ಫಸಲು. ಆ ಗೆದ್ದಲನ್ನು ತಿನ್ನಲು ಕರಡಿ ಬರುತ್ತದೆ, ಹುತ್ತವನ್ನು ಉಗುರಿನಿಂದ ಬಗೆದು ಗಾಳಿಯೆಳೆದಂತೆ ಹೀರುತ್ತದೆ.

ಆನೇಕಲ್ ಪೇಟೆಯಿಂದ ಐದಾರು ಕಿಲೋಮೀಟರ್ ದೂರದ ಮುತ್ಯಾಲಮಡುವಿನಲ್ಲಿ ಕಾಡು ಬಣ್ಣ ಬದಲಿಸುತ್ತದೆ. ಮೇಲೆ ಬಂಡೆ, ಮುಳ್ಳುಗಿಡ; ಮೆಟ್ಟಿಲಿಳಿದು ಕಣಿವೆಗೆ ಬಂದರೆ ಹೊಂಗೆ, ನೇರಳೆಗಳ ನೆರಳು. ತೊರೆಯ ಬದಿಯ ಈ ಮರಗಳಿಗೆ ಬೇಸಿಗೆಯಲ್ಲೂ ನೆಲದಡಿಯ ತೇವ ಸಿಗುವುದರಿಂದ ಎಲೆ ಉದುರಿಸುವ ಜರೂರಿಲ್ಲ. ಜಲಪಾತ ಮಾತ್ರ ಮಳೆಗಾಲದ್ದು. ಬೇಸಿಗೆಯಲ್ಲಿ ಹೋಗಿ ನೀರಿಲ್ಲವೆಂದು ದೂರಿದರೆ ಯಾರೇನು ಮಾಡಿಯಾರು.

ಇನ್ನು ಆನೆ. ಬನ್ನೇರುಘಟ್ಟದ ಆನೆಗಳಿಗೆ ಜಿಲ್ಲೆ, ರಾಜ್ಯಗಳ ಹಂಗಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುವ ತಳಿ, ಜವಳಗಿರಿ ಕಡೆಯ ಕಾಡುಗಳಿಗೆ ಅವು ಓಡಾಡುತ್ತವೆ. ಉದ್ಯಾನದ ಒಳಗೇ ಕಾಡು ಸೊಂಟ ಹಿಡಿದಂತೆ ಕಿರಿದಾಗುವ ಜಾಗಗಳಿವೆ. ಎರಡು ಬದಿಯ ಕಾಡನ್ನು ಬೆಸೆಯುವ ಕರಡಿಕ್ಕಲ್–ಮಾದೇಶ್ವರ ಆನೆ ಕಾರಿಡಾರ್ ಮುಖ್ಯವಾಗುವುದು ಇದಕ್ಕೇ. ನವೆಂಬರ್, ಡಿಸೆಂಬರ್ ಬಂತೆಂದರೆ ಹುಲ್ಲು ಬಲಿತು ಒರಟಾಗುತ್ತದೆ, ಹೊಲದಲ್ಲಿ ರಾಗಿ ತೆನೆ ತೂಗುತ್ತದೆ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಕಾದ ಪ್ರಾಣಿಗೆ ಯಾವುದು ಲಾಭವೆಂದು ಹೇಳಿಕೊಡಬೇಕಿಲ್ಲ. ಕಾಡಂಚಿನ ರೈತ ಅಟ್ಟಣೆ ಕಟ್ಟಿ, ಪಟಾಕಿ ಹಿಡಿದು ಕಾವಲು ಕೂರುತ್ತಾನೆ; ಕೊಯ್ದು ಮೆದೆ ಹಾಕಿದ ಮೇಲೂ ನಿದ್ದೆಯಿಲ್ಲ. ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ತಡೆ ಎಲ್ಲವನ್ನೂ ಅರಣ್ಯ ಇಲಾಖೆ ಪ್ರಯೋಗಿಸಿದೆ. ಬೇಲಿ ಒಂದೂರನ್ನು ಕಾದರೆ ಆನೆ ಪಕ್ಕದೂರಿಗೆ ತಿರುಗುತ್ತದೆ.

ಕಾಡಿನ ಹೊರಗಡೆಯ ಲೆಕ್ಕ ಇನ್ನೂ ಬಿಗಿ. ಉದ್ಯಾನದ ಸುತ್ತ 268.96 ಚದರ ಕಿಲೋಮೀಟರ್ ಪರಿಸರಸೂಕ್ಷ್ಮ ವಲಯ ಇರಬೇಕೆಂದು 2016ರ ಕರಡು ಹೇಳಿತ್ತು. 2020ರ ಮಾರ್ಚ್‌ನಲ್ಲಿ ಹೊರಬಿದ್ದ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ರಾಮನಗರದ ಕಡೆ ಒಂದು ಕಿಲೋಮೀಟರ್ ಅಗಲ ಸಿಕ್ಕರೆ ಬೆಂಗಳೂರಿನ ಕಡೆ ಸಿಕ್ಕಿದ್ದು ಬರೀ 100 ಮೀಟರ್. ನಗರದ ಒತ್ತಡ ಹೆಚ್ಚಿರುವ ಕಡೆಯೇ ರಕ್ಷಣೆ ತೆಳುವಾಗಿರುವುದು ವಿಚಿತ್ರ. ನಿವೇಶನದ ದರ ಗೊತ್ತಿದ್ದವರಿಗೆ ಅಷ್ಟೇನೂ ವಿಚಿತ್ರವಲ್ಲ.

ಒಳಗಿನ ಹಗೆ ಲಂಟಾನ. ಮರದಡಿ ಪೊದೆಕಟ್ಟಿ ಹುಲ್ಲನ್ನೂ ಜಾಲಾರಿಯ ಸಸಿಯನ್ನೂ ಉಸಿರುಗಟ್ಟಿಸುತ್ತದೆ. ಹುಲ್ಲು ಕಡಿಮೆಯಾದಷ್ಟೂ ಆನೆಗೆ ರಾಗಿಯ ಸೆಳೆತ ಹೆಚ್ಚು. ಹೊರಗೆ ಹಿಡುವಳಿಗಳಲ್ಲಿ ದಶಕಗಳ ಕಾಲ ಬೆಳೆದ ನೀಲಗಿರಿ ತೋಪುಗಳ ಕಥೆ ಬೇರೆ. ದೂರದಿಂದ ಕಾಡಿನಂತೆ ಕಂಡರೂ ಒಳಗೆ ಮೇವಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಓಡಾಡುವಂತಿಲ್ಲ. ಮುತ್ಯಾಲಮಡುವಿಗೆ ಆ ತಾಪತ್ರಯ ಕಡಿಮೆ: ಆನೇಕಲ್ ಬಸ್ ನಿಲ್ದಾಣದಿಂದ ಆಟೊ ಸಿಗುತ್ತದೆ. ನೀರು ನೋಡುವವರು ಮಳೆ ಹಿಡಿದ ಮೇಲೆ, ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಹೋಗಬೇಕು. ಜಾಲಾರಿ ನೋಡುವವರಿಗೆ ಫೆಬ್ರುವರಿ, ಮಾರ್ಚ್ ಸರಿಯಾದ ಕಾಲ. ಬೆಳಿಗ್ಗೆ ಬೇಗ ಹೊರಟು, ಆನೆ ಓಡಾಡುವ ಹೊತ್ತಿಗೆ ಮುಂಚೆ, ಸಂಜೆ ಐದರೊಳಗೆ ಪೇಟೆಗೆ ವಾಪಸಾಗುವುದು ಒಳ್ಳೆಯದು.