ಕವಚದ ದಾರಿಗೇ ಅಡ್ಡ ನಿಲ್ಲುವ ಹೊಸ ಆಂಟಿಬಯೋಟಿಕ್

ಇವತ್ತು ಜೊಸುರಾಬಾಲ್ಪಿನ್ ಅನ್ನೋ ಹೊಸ ಆಂಟಿಬಯೋಟಿಕ್ ಬಗ್ಗೆ ಹೇಳ್ತೀನಿ. ಇದರ ಗುರಿ ಅಸಿನೆಟೊಬ್ಯಾಕ್ಟರ್ ಬೌಮಾನಿ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವವರಿಗೆ ನ್ಯುಮೋನಿಯಾ ತರುವ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ಇದು.

ಇಂಥವುಗಳಿಗೆ ಎರಡು ಪೊರೆ ಇರುತ್ತೆ. ಹೊರಪೊರೆ ಮೇಲೆ ಎಲ್‌ಪಿಎಸ್ ಅನ್ನೋ ಕವಚ. ಎಷ್ಟೋ ಔಷಧಿಗಳು ಅದನ್ನು ದಾಟೋದೇ ಇಲ್ಲ. ಈ ಕವಚ ತಯಾರಾಗೋದು ಒಳಗೆ, ತಲುಪಬೇಕಾದ್ದು ಹೊರಗೆ. ಜೊಸುರಾಬಾಲ್ಪಿನ್ ಆ ಸಾಗಣೆಯನ್ನೇ ತಡೆಯುತ್ತೆ. ಸರಕು ಒಳಗೇ ರಾಶಿಬಿದ್ದು ಬ್ಯಾಕ್ಟೀರಿಯಾ ಸಾಯುತ್ತೆ.

2024ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರೋಗಿಗಳಿಂದ ಸಂಗ್ರಹಿಸಿದ, ಕಾರ್ಬಪೆನೆಮ್‌ನಂಥ ಪ್ರಬಲ ಔಷಧಿಗೂ ಬಗ್ಗದ ತಳಿಗಳನ್ನು ಲ್ಯಾಬ್‌ನಲ್ಲಿ ಕೊಂದಿತು; ಸೋಂಕು ತಗುಲಿದ ಇಲಿಗಳಲ್ಲೂ ಕೆಲಸ ಮಾಡಿತು.

ಆದ್ರೆ ಎರಡು ಮಾತು ನೆನಪಿರಲಿ. ಇದು ಎಲ್ಲ ಗ್ರಾಂ-ನೆಗೆಟಿವ್‌ಗೂ ಮದ್ದಲ್ಲ, ಇ. ಕೋಲಿಗೆ ನಾಟಲ್ಲ. ಮತ್ತೆ, ಇಲಿ ಬದುಕಿತು ಅಂದ ಮಾತ್ರಕ್ಕೆ ಔಷಧಿ ಸಿದ್ಧ ಅಂತಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳನ್ನೂ ಗೆಲ್ಲಬೇಕು.