ಬೋಲ್ಟ್ ಆಕ್ಷನ್ ನಿಖರತಾ ರೈಫಲ್

ಬೋಲ್ಟ್ ಆಕ್ಷನ್ ನಿಖರತಾ ರೈಫಲ್ ಎಂಬುದು ಅಗುಳಿಯನ್ನು ಕೈಯಿಂದ ಹಿಂದೆಳೆದು ಮುಂದೂಡಿ ಗುಂಡು ತುಂಬುವ, ಗುರಿಸ್ಪರ್ಧೆಗೆ ಬಳಸುವ ಬಂದೂಕು. ಗುಂಡು ನಳಿಕೆ ದಾಟುವವರೆಗೂ ಅಗುಳಿ ಭದ್ರವಾಗಿ ಮುಚ್ಚಿಯೇ ಇರುವುದು ಇದರ ನಿಖರತೆಗೆ ಒಂದು ಕಾರಣ. ಕೊಡಗಿನ ತೆಂಗಿನಕಾಯಿ ಗುರಿಸ್ಪರ್ಧೆಗಳಲ್ಲಿ .22 ರೈಫಲ್ ಬಳಕೆಯಲ್ಲಿದೆ.

ಹೊಸಬರು ಅನೇಕ ವೇಳೆ ದುಬಾರಿ ದೂರದರ್ಶಕವನ್ನೇ ಮೊದಲು ಕೊಳ್ಳುತ್ತಾರೆ. ಇದು ಸರಿಯಾದ ಕ್ರಮವಲ್ಲ. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಂತೂ ದೂರದರ್ಶಕಕ್ಕೆ ಅವಕಾಶವೇ ಇಲ್ಲ; ರೈಫಲ್‌ನ ತೂಕವೂ 8 ಕಿಲೋಗ್ರಾಂ ಮೀರುವಂತಿಲ್ಲ. ಮೊದಲು ಭುಜಕ್ಕೊತ್ತುವ ಹಿಡಿಯ ಉದ್ದವನ್ನೂ ಕೆನ್ನೆಪಟ್ಟಿಯ ಎತ್ತರವನ್ನೂ ಮೈಗೆ ಹೊಂದಿಸಬೇಕು. ಕಣ್ಣು ತಾನಾಗಿಯೇ ಗುರಿಸಾಧನದ ನೇರಕ್ಕೆ ಬಾರದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಅನಂತರದ್ದು ಗುಂಡಿನ ಆಯ್ಕೆ. ಒಂದೇ ಕಂಪನಿಯ ಬೇರೆ ಬೇರೆ ಲಾಟಿನ ಗುಂಡುಗಳು ಒಂದೇ ನಳಿಕೆಯಲ್ಲಿ ಭಿನ್ನವಾಗಿ ವರ್ತಿಸುವುದರಿಂದ, ಹಲವನ್ನು ಪರೀಕ್ಷಿಸಿ, ಗುರಿಹಲಗೆಯ ಮೇಲೆ ತೂತುಗಳು ಒತ್ತಾಗಿ ಬೀಳುವ ಲಾಟನ್ನು ಆರಿಸಿಕೊಳ್ಳುವುದು ವಾಡಿಕೆ. ಟ್ರಿಗರ್ ಸುಧಾರಣೆ ಆಮೇಲಿನ ಮಾತು. ನಳಿಕೆ ಬದಲಾವಣೆ ಎಲ್ಲಕ್ಕಿಂತ ಕೊನೆಯದು.

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯು ಬಂದೂಕಿನ ಬಿಡಿಭಾಗಗಳನ್ನೂ ಶಸ್ತ್ರವೆಂದೇ ಪರಿಗಣಿಸುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ 2029ರವರೆಗೆ ವಿನಾಯಿತಿ ಇದೆ. ಆದರೆ ಬಂದೂಕು ದುರಸ್ತಿಯ ಕಸುಬಿಗೆ ಕಾಯ್ದೆಯ 5ನೇ ಕಲಂ ಅಡಿ ಪ್ರತ್ಯೇಕ ಪರವಾನಗಿ ಬೇಕು.